ಉಪ್ಪುನೀರು ಯಾರಿಗೆ, ಮದ್ದು ಯಾರಿಗೆ

ನಾವು ಬೇಡುವ ಮೊದಲೇ ನಮ್ಮ ಮೈಯೊಳಗೆ ಕಾವಲಿಟ್ಟವನೇ, ಕಣ್ಣಿಗೆ ಕಾಣದ ಕ್ರಿಮಿಗೂ ಅದನ್ನು ಹಿಡಿಯುವ ಕಣ್ಣಿಗೆ ಕಾಣದ ಸಿಪಾಯಿಗೂ ಒಂದೇ ರಕ್ತದಲ್ಲಿ ಜಾಗ ಕೊಟ್ಟವನೇ, ಹಲಸೂರಿನ ಸೋಮೇಶ್ವರನೇ, ನಿನಗೆ ಶರಣು. ಗಲ್ಲಿಯ ತುದಿಯಲ್ಲಿ ಬೇವಿನ ಮರದಡಿ ಕೂತಿರುವ ಮಾರಮ್ಮ ತಾಯಿ, ನಿನಗೂ ಶರಣು. ಈಗ ಹೇಳುವುದರಲ್ಲಿ ತಪ್ಪಿದ್ದರೆ ಅದು ನನ್ನದು, ನಗುವಿದ್ದರೆ ಅದು ನಿಮ್ಮ ಪ್ರಸಾದ.

ನನ್ನ ಕೆಲಸದಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಆಗುವಾಗ ಒಂದೂ ಅರ್ಥವಾಗುವುದಿಲ್ಲ. ಆದ ಮೇಲೆ ಕೂತು ಯೋಚಿಸಿದರೆ ಇನ್ನೂ ಅರ್ಥವಾಗುವುದಿಲ್ಲ.

ನಾನು ಸೇಡಂ ಕಡೆಯವಳು. ಬೈಯಪ್ಪನಹಳ್ಳಿಯಲ್ಲಿ ಬಾಡಿಗೆ ಮನೆ. ಮೈಗೆ ವೈರಸ್ಸು ಹೊಕ್ಕಾಗ ಒಳಗಿನ ರೋಗನಿರೋಧಕ ಶಕ್ತಿ ಏನು ಮಾಡುತ್ತದೆ ಎಂದು ಓದುವ ಒಂದು ಸಂಸ್ಥೆಗೆ ಮನೆಮನೆಯಿಂದ ರಕ್ತ ತಂದುಕೊಡುವುದು ನನ್ನ ಕಾಯಕ. ಆ ವರ್ಷ ಜ್ವರದ ಹೊಸ ಲಸಿಕೆಯೊಂದರ ಸ್ಟಡಿ ನಡೆದಿತ್ತು. ಹಲಸೂರು ಮಾರ್ಕೆಟ್ಟಿನ ಹಿಂದಿನ ಒಂದು ಗಲ್ಲಿಯಲ್ಲಿ ನಲವತ್ತು ಜನ ಒಪ್ಪಿದ್ದರು. ಅರ್ಧ ಜನಕ್ಕೆ ನಿಜವಾದ ಮದ್ದು, ಅರ್ಧ ಜನಕ್ಕೆ ಬರೀ ಉಪ್ಪುನೀರು. ಎರಡೂ ನೋಡಲು ಒಂದೇ ಥರ. ಯಾರಿಗೆ ಯಾವುದು ಎಂದು ಕಂಪ್ಯೂಟರು ಆರಿಸಿ ಗುಟ್ಟಾಗಿ ಇಟ್ಟುಕೊಂಡಿರುತ್ತದೆ. ಕೊನೆಯವರೆಗೂ ಅದು ಯಾರಿಗೂ ಗೊತ್ತಾಗಬಾರದು. ಗೊತ್ತಾದರೆ ಸ್ಟಡಿ ಕೆಟ್ಟಿತು.

ಒಬ್ಬೊಬ್ಬರಿಂದ ಮೂರು ಸಲ ರಕ್ತ ಬೇಕು: ಸೂಜಿ ಹಾಕುವ ಮುಂಚೆ ಒಮ್ಮೆ, ಹಾಕಿದ ಏಳನೆಯ ದಿನ ಒಮ್ಮೆ, ಇಪ್ಪತ್ತೆಂಟನೆಯ ದಿನ ಒಮ್ಮೆ. ನಮ್ಮ ಮೇಡಂ, ಅಂದರೆ ಸ್ಟಡಿ ನಡೆಸುವ ಡಾಕ್ಟರು, ಮೊದಲೇ ಹೇಳಿದ್ದರು: "ಅಕ್ಕಾ, ಮೂರನೇ ರಕ್ತ ಮೂವತ್ತೈದು ಜನರದ್ದಾದರೂ ಸಿಗಲಿಲ್ಲ ಅಂದ್ರೆ ಈ ಗಲ್ಲೀನೇ ಲೆಕ್ಕದಿಂದ ಬಿಟ್ಟುಬಿಡಬೇಕಾಗತ್ತೆ. ಅಷ್ಟು ಜನಕ್ಕೆ ಸೂಜಿ ಚುಚ್ಚಿದ್ದೆಲ್ಲ ವ್ಯರ್ಥ."

"ಚಿಂತೆ ಮಾಡಬೇಡಿ ಮೇಡಂ. ಈ ಗಲ್ಲಿ ನನ್ನದು," ಎಂದು ಲಿಂಗ ಮುಟ್ಟಿ ಮಾತು ಕೊಟ್ಟೆ. ಗಲ್ಲಿಗೆ ಅದು ಇನ್ನೂ ಗೊತ್ತಿರಲಿಲ್ಲ.

ಹೆಸರಿಲ್ಲದ ರಕ್ತ

ಮೊದಲ ರಕ್ತಕ್ಕೆ ಹೋದದ್ದು ಒಂದು ಸೋಮವಾರ, ಬೆಳಗ್ಗೆ ಆರೂವರೆಗೆ. ಎದ್ದು ಮಿಂದು ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಕೈಯಲ್ಲಿ ಐಸ್ ಬಾಕ್ಸು ಹಿಡಿದು ಹೊರಟೆ. ಅಂದು ಅಮಾವಾಸ್ಯೆ ಎಂಬುದು ನನಗೆ ಗೊತ್ತಿತ್ತು. ಸೋಮವಾರ ಬಂದ ಅಮಾವಾಸ್ಯೆ ಶಿವನಿಗೆ ವಿಶೇಷ, ಒಳ್ಳೆಯ ಕೆಲಸಕ್ಕೆ ಒಳ್ಳೆಯ ದಿನ ಅಂತಲೇ ಹೋದದ್ದು.

ಒಂದು ಮನೆ ಮುಗಿಸಿ ಎದುರು ಮನೆಗೆ ಕಾಲಿಟ್ಟೆ. ಅಲ್ಲಿ ಮಾರ್ಕೆಟ್ಟಿನಲ್ಲಿ ತರಕಾರಿ ಮಾರುವ ಅಜ್ಜಿಯೊಬ್ಬಳಿದ್ದಳು. ಮನೆಮಾತು ತಮಿಳು, ಜಗಳದ ಮಾತು ಕನ್ನಡ. ಬಾಕ್ಸಿನೊಳಗೆ ಬಗ್ಗಿ ನೋಡಿದಳು.

"ಏನಮ್ಮಾ, ಯಾರ ರಕ್ತ ಇದು?"

"ಎದುರು ಮನೆಯವರದು ಅಜ್ಜಿ."

"ಹೆಸರೆಲ್ಲಿ ಬರ್ದಿದ್ಯ?"

"ಹೆಸರು ಬರೆಯೋ ಹಾಗಿಲ್ಲ. ಯಾರದು ಅಂತ ಯಾರಿಗೂ ಗೊತ್ತಾಗಬಾರದು."

ಅಜ್ಜಿ ನನ್ನ ವಿಭೂತಿಯನ್ನೊಮ್ಮೆ ನೋಡಿದಳು. "ಎಲ್ಲಿಗೆ ತಗೊಂಡೋಗ್ತೀಯ?"

"ಊರಾಚೆ. ಅಲ್ಲಿ ಕತ್ತಲಲ್ಲಿ, ತಣ್ಣಗಿರೋ ಕಡೆ ಇಡ್ತಾರೆ."

"ಎಷ್ಟು ದಿನ?"

"ವರ್ಷಗಟ್ಟಲೆ ಅಜ್ಜಿ. ಬೇಕಾದಾಗ ತೆಗೆದು ನೋಡ್ತಾರೆ."

ಒಂದೂ ಸುಳ್ಳು ಹೇಳಿರಲಿಲ್ಲ. ಆದರೆ ನಾನು ಸತ್ಯ ಹೇಳಿದಷ್ಟೂ ಅಜ್ಜಿ ಹಿಂದೆ ಹಿಂದೆ ಸರಿಯುತ್ತಿದ್ದಳು. ಐದು ನಿಮಿಷದಲ್ಲಿ ಗಲ್ಲಿಯ ಬಾಗಿಲುಗಳೆಲ್ಲ ಮುಚ್ಚಿದವು. ಯಾರೋ ಕಿಟಕಿಯಿಂದ ಉಪ್ಪು ಮೆಣಸಿನಕಾಯಿ ನಿವಾಳಿಸಿ ನನ್ನ ಕಾಲ ಬಳಿಯೇ ಎಸೆದರು. ಹಿಂದಿನ ವಾರ ನಗುನಗುತ್ತ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವರು ಇವರೇನಾ ಎಂದು ನನಗೆ ದಿಕ್ಕೇ ತೋಚಲಿಲ್ಲ. ಕೊನೆಗೆ ಮೇಡಂಗೆ ಫೋನು ಮಾಡಿದೆ. ಅವರು ಬಿಳಿ ಕೋಟು ಹಾಕಿಕೊಂಡು, ಸ್ಟೆತಸ್ಕೋಪು ಎಲ್ಲರಿಗೂ ಕಾಣುವಂತೆ ನೇತುಹಾಕಿಕೊಂಡು ಆಟೋದಲ್ಲಿ ಬಂದರು. ಬೀದಿಯಲ್ಲಿ ನಿಂತು ಒಂದು ಗಂಟೆ ಮಾತಾಡಿದರು. ಮಾಟವಲ್ಲ, ವಿಜ್ಞಾನ ಎಂದು ತಿಳಿಸಿ ಹೇಳಿದರು. ಬಾಗಿಲುಗಳು ಒಂದೊಂದಾಗಿ ತೆರೆದವು. ಅಜ್ಜಿಯೂ ಕೈ ಚಾಚಿದಳು, ಅಜ್ಜಿಯ ಸೊಸೆಯೂ ಕೈ ಚಾಚಿದಳು.

ಎಲ್ಲ ಮುಗಿಸಿ ಹೊರಡುವಾಗ ಅಜ್ಜಿ ನನ್ನ ಸೆರಗು ಹಿಡಿದು ಪಕ್ಕಕ್ಕೆ ಎಳೆದಳು.

"ಡಾಕ್ಟ್ರಮ್ಮ ಹೇಳಿದ್ದೆಲ್ಲ ಸರಿ ಕಣಮ್ಮಾ. ಆದ್ರೂ ನಮ್ಮ ಸೊಸೆ ಟ್ಯೂಬು ಒಂದಿದ್ಯಲ್ಲ, ಅದೊಂದಕ್ಕೆ ಮಾತ್ರ ಏನಾದ್ರೂ ಮಾಡಕ್ಕಾಗುತ್ತಾ ನೋಡು."

ಫೋಟೋಗೆ ಹೊಡೆಯುವ ವಾಚ್‌ಮನ್

ಸೂಜಿ ಹಾಕಿಸಿಕೊಳ್ಳುವ ಮೊದಲು ಜನರಿಗೆ ವಿಷಯ ಅರ್ಥವಾಗಿರಬೇಕು ಎಂಬುದು ನಿಯಮ. ಮೇಡಂ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ, ಯಾಕೆಂದರೆ ಅವರಿಗೆ ವಿಷಯ ಗೊತ್ತು. ಹಾಗಾಗಿ ಹೇಳುವ ಕೆಲಸ ನನಗೆ ಬಂತು.

ಗಲ್ಲಿಯಲ್ಲಿ ಒಂದೇ ಒಂದು ಮಹಡಿ ಮನೆ. ಅಲ್ಲಿಯ ಅಮ್ಮನವರು ಪ್ರಶ್ನೆ ಕೇಳುವುದರಲ್ಲಿ ನಿಸ್ಸೀಮರು. ಗಂಡ ಒಳಗೆ ಪೇಪರು ಓದುತ್ತ ಕೂತಿದ್ದರು. ನಾನು ಶಿವನನ್ನು ನೆನೆದು ಶುರು ಮಾಡಿದೆ.

"ನಮ್ಮ ಮೈಯಲ್ಲಿ ವಾಚ್‌ಮನ್‌ಗಳಿದ್ದಾರೆ ಅಂದ್ಕೊಳ್ಳಿ. ವೈರಸ್ಸು ಅಂದ್ರೆ ಕಳ್ಳ."

"ಸರಿ."

"ಕಳ್ಳ ಬಂದ್ಮೇಲೆ ಗುರುತು ಹಿಡಿಯೋಕೆ ಹೊತ್ತಾಗತ್ತೆ. ಅದಕ್ಕೇ ಲಸಿಕೆ ಅಂತ ಮುಂಚೇನೇ ಕಳ್ಳನ ಫೋಟೋ ಒಂದನ್ನ ಒಳಗೆ ಕಳಿಸ್ತೀವಿ. ವಾಚ್‌ಮನ್ ನೋಡಿ ಮುಖ ನೆನಪಿಟ್ಕೋತಾನೆ."

"ಬರೀ ಫೋಟೋ ತಾನೇ? ಮತ್ತೆ ಸೂಜಿ ಹಾಕಿಸ್ಕೊಂಡವ್ರಿಗೆ ಮೈ ಕೈ ನೋವು, ಜ್ವರ ಯಾಕೆ ಬರತ್ತೆ?"

ಇದನ್ನು ನಾನು ಯೋಚಿಸಿರಲಿಲ್ಲ. "ಅದು… ವಾಚ್‌ಮನ್ ಫೋಟೋಗೇ ಹೊಡೀತಾನೆ."

"ಫೋಟೋಗಾ?"

"ಹೌದು."

"ಅದು ಫೋಟೋ ಅಂತ ಗೊತ್ತಾಗಲ್ವಾ ಅವನಿಗೆ?"

"ಇಲ್ಲ."

"ಅಷ್ಟು ಪೆದ್ದನ್ನ ಯಾಕೆ ಕಾವಲಿಗಿಟ್ಟವ್ನೆ ದೇವ್ರು?"

ನನಗೆ ಕಸಿವಿಸಿಯಾಯಿತು. ದೇವರನ್ನೂ ಬಿಟ್ಟುಕೊಡುವ ಹಾಗಿಲ್ಲ, ಸ್ಟಡಿಯನ್ನೂ ಬಿಟ್ಟುಕೊಡುವ ಹಾಗಿಲ್ಲ. "ಪೆದ್ದಲ್ಲ ಅಮ್ಮಾ, ನಿಯತ್ತು. ಕಳ್ಳನನ್ನ ಹೋಲುವಂಥದ್ದು ಏನು ಕಂಡರೂ ಸುಮ್ಮನಿರೋಲ್ಲ. ಕೂಗಾಡ್ತಾನೆ, ಬಿಸಿಯಾಗ್ತಾನೆ, ಇಡೀ ಮನೆ ಎಬ್ಬಿಸ್ತಾನೆ. ಎರಡು ದಿನ ಬಿಟ್ಟು ತಣ್ಣಗಾಗ್ತಾನೆ. ಆದರೆ ಆ ಮುಖ ಮಾತ್ರ ಮರೆಯೋಲ್ಲ."

ಅಮ್ಮನವರ ಮುಖ ಅರಳಿತು. ಒಳಗೆ ತಿರುಗಿ ಗಟ್ಟಿಯಾಗಿ ಹೇಳಿದರು: "ರೀ, ಕೇಳಿಸ್ತಾ? ನಮ್ಮಣ್ಣನ ಫೋಟೋ ಕಂಡ್ರೆ ನೀವು ಮಾಡ್ತೀರಲ್ಲ, ಅದಕ್ಕೆ ರೋಗನಿರೋಧಕ ಶಕ್ತಿ ಅಂತಾರಂತೆ!"

ಒಂದೂವರೆ ಇಂಚು ಬಿಟ್ಟು

ಗಲ್ಲಿಯ ಸಮುದಾಯ ಭವನದಲ್ಲಿ ಒಂದೇ ದಿನ ನಲವತ್ತು ಜನಕ್ಕೂ ಸೂಜಿ ಹಾಕಿದೆವು. ಎಲ್ಲರ ಕೈಗೂ ಒಂದೊಂದು ಡೈರಿ ಕೊಟ್ಟೆವು. ಏಳು ದಿನ, ದಿನಾ ಬೆಳಗ್ಗೆ ಬರೆಯಬೇಕು: ಜ್ವರ ಎಷ್ಟು, ನೋವು ಎಷ್ಟು, ಸೂಜಿ ಹಾಕಿದ ಜಾಗದಲ್ಲಿ ಊತ ಎಷ್ಟಗಲ. ಅಳೆಯಲು ಪುಟ್ಟ ಪ್ಲಾಸ್ಟಿಕ್ ಸ್ಕೇಲೂ ಇಟ್ಟಿದ್ದೆವು.

ಗಲ್ಲಿಯಲ್ಲಿ ಒಬ್ಬ ಟೈಲರ್ ಮಾಸ್ಟರ್. ಕಮರ್ಷಿಯಲ್ ಸ್ಟ್ರೀಟಿನ ಒಂದು ಅಂಗಡಿಯ ಮಹಡಿಯಲ್ಲಿ ಹೊಲಿಗೆ ಕೆಲಸ. ಐದು ಹೊತ್ತೂ ನಮಾಜು ತಪ್ಪಿಸದ ಮನುಷ್ಯ. ನನ್ನನ್ನು ಕಂಡರೆ "ಅಕ್ಕಾ, ನಿಮ್ಮ ದೇವರಿಗೆ ನನ್ನ ಸಲಾಂ ಹೇಳಿ" ಎನ್ನುತ್ತಿದ್ದ. ನಲವತ್ತು ಜನರಲ್ಲಿ ಡೈರಿ ಅಂದವಾಗಿ ಬರೆಯುವವನು ಅವನೊಬ್ಬನೇ. ದಿನಾ ಬರೆದು ಫೋನಿನಲ್ಲಿ ಫೋಟೋ ಕಳಿಸುತ್ತಿದ್ದ.

ಮೂರನೆಯ ದಿನ ಮೇಡಂ ಗಾಬರಿಯಾಗಿ ಫೋನು ಮಾಡಿದರು. "ಅಕ್ಕಾ, ಆ ಟೈಲರ್ ಊತ ಎರಡೂವರೆ ಇಂಚು ಅಂತ ಬರೆದಿದ್ದಾರೆ! ನೆನ್ನೆ ಎರಡಿತ್ತು. ದಿನಾ ಬೆಳೀತಾ ಇದೆ. ಈಗಲೇ ಹೊರಡಿ, ನಾನೂ ಬರ್ತಿದ್ದೀನಿ."

ಕಮರ್ಷಿಯಲ್ ಸ್ಟ್ರೀಟಿನ ಜನಜಂಗುಳಿಯಲ್ಲಿ ನಾನೂ ಮೇಡಮ್ಮೂ ಓಡಿದೆವು. ದಾರಿಯುದ್ದಕ್ಕೂ ಪಂಚಾಕ್ಷರಿ ಜಪ ನನ್ನ ಬಾಯಲ್ಲಿ. ಏದುಸಿರು ಬಿಡುತ್ತ ಮಹಡಿ ಹತ್ತಿದರೆ, ಮಾಸ್ಟರ್ ಆ ಕೈಯಲ್ಲೇ ಕತ್ತರಿ ಹಿಡಿದು ಬಟ್ಟೆ ಕತ್ತರಿಸುತ್ತಿದ್ದ! ಮೇಡಂ ತೋಳು ಮೇಲೆತ್ತಿಸಿ ನೋಡಿದರು. ಒಂದಿಂಚಿನಷ್ಟು ಕೆಂಪು. ಅಷ್ಟೇ. ಮುಟ್ಟಿದರೆ ನೋವೂ ಇಲ್ಲ.

"ಎರಡೂವರೆ ಅಂತ ಬರೆದಿದ್ದೀರಲ್ಲಾ?"

"ಹೌದು ಮೇಡಂ. ಒಂದಿಂಚು ಊತ. ಒಂದೂವರೆ ಬಿಟ್ಟು ಹಾಕಿದೀನಿ."

"ಬಿಟ್ಟು ಅಂದ್ರೆ?"

"ಲೂಸು ಮೇಡಂ. ನಾಳೆ ಇನ್ನೂ ದಪ್ಪ ಆದ್ರೆ? ಮೂವತ್ತು ವರ್ಷದಿಂದ ಅಳತೆ ಬರೀತಿದೀನಿ, ಮೈಗೆ ಕರೆಕ್ಟಾಗಿ ಯಾವತ್ತೂ ಬರೆದೋನಲ್ಲ. ಟೈಟ್ ಆಗ್ಬಿಟ್ರೆ ಜವಾಬು ಯಾರು ಕೊಡೋದು?"

ಮೇಡಂ ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದು ಕೂತರು. ಆಮೇಲೆ ನಿಧಾನವಾಗಿ, "ಮಾಸ್ಟರ್, ದಯವಿಟ್ಟು ಇನ್ಮೇಲೆ ಎಷ್ಟಿದೆಯೋ ಅಷ್ಟೇ ಬರೀರಿ," ಎಂದರು.

ಮಾಸ್ಟರ್ ತಲೆಯಾಡಿಸಿದ. ನಾವು ಮೆಟ್ಟಿಲು ಇಳಿಯುವಾಗ ಪಕ್ಕದವನಿಗೆ ಹೇಳುತ್ತಿದ್ದುದು ಕೇಳಿಸಿತು: "ಪಾಪ, ಓದಿರೋ ಹೆಂಗಸು. ಆದ್ರೆ ಅಳತೆ ವಿಷಯ ಏನೂ ಗೊತ್ತಿಲ್ಲ."

ಕಾರಣ: ಶುಕ್ರವಾರ

ಈ ತಪ್ಪು ನನ್ನದೇ. ಸೂಜಿ ಹಾಕಿದ ದಿನ ಶುಕ್ರವಾರವಾಗಿತ್ತು. ಭವನಕ್ಕೆ ಬಂದು ಸೂಜಿ ಹಾಕಿಸಿಕೊಂಡು ಹೋಗಲು ಯಾರಿಗೂ ಅಡ್ಡಿಯಿರಲಿಲ್ಲ. ಮೈಯೊಳಕ್ಕೆ ಏನೋ ಬರುತ್ತಿದೆ ತಾನೇ, ಹೋಗುತ್ತಿಲ್ಲವಲ್ಲ. ಆದರೆ ಶುಕ್ರವಾರದಿಂದ ಏಳು ದಿನ ಎಣಿಸಿದರೆ ಮತ್ತೆ ಶುಕ್ರವಾರ. ಇಪ್ಪತ್ತೆಂಟು ಎಣಿಸಿದರೂ ಶುಕ್ರವಾರ. ಇಷ್ಟು ವರ್ಷ ಪಂಚಾಂಗ ನೋಡಿದ ನನಗೆ ಇದು ಹೊಳೆಯಲಿಲ್ಲ.

ಎರಡನೆಯ ರಕ್ತಕ್ಕೆ ಹೋದರೆ ಮಹಡಿ ಮನೆಯ ಅಮ್ಮನವರು ಬಾಗಿಲಲ್ಲೇ ತಡೆದರು. "ಶುಕ್ರವಾರ ಮನೆಯಿಂದ ಒಂದು ಲೋಟ ಮೊಸರು ಆಚೆ ಕೊಡಲ್ಲ ನಾವು. ರಕ್ತ ಕೊಡ್ತೀವಾ? ಲಕ್ಷ್ಮಿ ಹೊರಟು ಹೋಗಲ್ವಾ?"

ನನಗೆ ಅವರ ಮಾತು ಸರಿ ಅನಿಸಿತು. ಕಷ್ಟ ಅಂದರೆ ಅದೇ. ಸರಿ ಅಲ್ಲ ಅನಿಸಿದ್ದರೆ ವಾದ ಮಾಡಬಹುದಿತ್ತು. ಮೇಡಂಗೆ ಫೋನು ಮಾಡಿದರೆ, "ಏಳನೇ ದಿನ ಅಂದ್ರೆ ಏಳನೇ ದಿನವೇ ಅಕ್ಕಾ. ಒಳಗೆ ಕಾವಲಿನವರು ಎದ್ದು ಓಡಾಡ್ತಿರೋದು ಈಗ. ನಾಳೆ ಆದ್ರೆ ನಡೆಯಲ್ಲ," ಎಂದರು.

ಅಮ್ಮನವರೇ ಯೋಚಿಸಿ ಒಂದು ದಾರಿ ತೆಗೆದರು. ಶುಕ್ರವಾರ ಮನೆಗೆ ಬಂದ ಮುತ್ತೈದೆಗೆ ಅರಿಶಿನ ಕುಂಕುಮ ಕೊಟ್ಟು ಕಳಿಸುವುದು ವಾಡಿಕೆ. ಅದರ ಜೊತೆಗೆ ರಕ್ತವನ್ನೂ ಕೊಟ್ಟರೆ ಅದು ಲಕ್ಷ್ಮಿ ಆಚೆ ಹೋದ ಹಾಗಲ್ಲ, ಬಾಗಿನ ಕೊಟ್ಟ ಹಾಗೆ. ಮಾತು ಮನೆಯಿಂದ ಮನೆಗೆ ಹಬ್ಬಿತು. ಪ್ರತಿ ಮನೆಯಲ್ಲೂ ನನಗೆ ಎಲೆ ಅಡಿಕೆ, ಬಾಳೆಹಣ್ಣು. ಹಣೆಗೆ ಕುಂಕುಮ ಇಡುವಾಗ, ಹೊರಡುತ್ತಿರುವ ರಕ್ತಕ್ಕೂ ಇರಲಿ ಎಂದು ಟ್ಯೂಬಿಗೂ ಒಂದೊಂದು ಬೊಟ್ಟು.

ಮಧ್ಯಾಹ್ನ ಲ್ಯಾಬಿನಿಂದ ಮೇಡಂಗೆ ಫೋನು ಬಂತು. "ಮೇಡಂ, ಸ್ಯಾಂಪಲ್ ಟ್ಯೂಬುಗಳ ಮೇಲೆಲ್ಲ ಕೆಂಪು ಪುಡಿ ಇದೆ. ರಕ್ತ ಒಣಗಿದ್ದಾ? ಸೋರಿದ್ಯಾ? ಬಾಕ್ಸಿನಲ್ಲಿ ಒಂದು ಬಾಳೆಹಣ್ಣೂ ಇದೆ. ಅದಕ್ಕೆ ನಂಬರ್ ಹಾಕಿಲ್ಲ."

ಟ್ಯೂಬುಗಳನ್ನು ಒರೆಸಿ ಬಳಸಿಕೊಂಡರು, ಒಳಗಿನ ರಕ್ತಕ್ಕೆ ಏನೂ ಆಗಿರಲಿಲ್ಲ. ಆದರೆ ನಿಯಮ ತಪ್ಪಿದ್ದಕ್ಕೆ ನಾನು ಒಂದು ಫಾರಂ ತುಂಬಿಸಬೇಕಾಯಿತು. ಏನಾಯಿತು ಎಂಬಲ್ಲಿ "ಟ್ಯೂಬಿಗೆ ಕುಂಕುಮ" ಎಂದು ಬರೆದೆ. ಕಾರಣ ಎಂಬಲ್ಲಿ "ಶುಕ್ರವಾರ" ಎಂದು ಬರೆದೆ. ಮತ್ತೆ ಆಗದಂತೆ ಏನು ಕ್ರಮ ಕೈಗೊಳ್ಳುವಿರಿ ಎಂದು ಕೇಳಿದ್ದರು. ಬಹಳ ಹೊತ್ತು ಯೋಚಿಸಿ ಬರೆದೆ: "ವಾರದಲ್ಲಿ ಒಂದು ದಿನ ಅದು ಬಂದೇ ಬರುತ್ತದೆ."

ದೇವರಿಗೊಬ್ಬನಿಗೇ ಗೊತ್ತು

ಇದು ನನ್ನ ಭಕ್ತಿಯಿಂದಲೇ ಆದ ಎಡವಟ್ಟು.

ಸೂಜಿ ಹಾಕಿಸಿಕೊಂಡ ದಿನದಿಂದ ಗಲ್ಲಿಯವರದು ಒಂದೇ ಪ್ರಶ್ನೆ: "ನಂಗೆ ಹಾಕಿದ್ದು ಮದ್ದಾ, ಉಪ್ಪುನೀರಾ?" ನಾನು ಮನೆಮನೆಯಲ್ಲೂ ಒಂದೇ ಉತ್ತರ ಕೊಡುತ್ತಿದ್ದೆ. "ನನಗೆ ಗೊತ್ತಿಲ್ಲ, ಮೇಡಂಗೆ ಗೊತ್ತಿಲ್ಲ. ಅದು ದೇವರಿಗೊಬ್ಬನಿಗೇ ಗೊತ್ತು." ಬಾಯಿಗೆ ಬರುವ ಮಾತು. ಮನಸಾರೆ ನಂಬಿ ಹೇಳಿದ ಮಾತೂ ಹೌದು. ಕೇಳಿದವರು ಅದನ್ನು ವಿಳಾಸ ಅಂದುಕೊಂಡರು.

ಇಪ್ಪತ್ತೆಂಟನೆಯ ದಿನ, ಶುಕ್ರವಾರ, ಮೂರನೆಯ ರಕ್ತ. ಭವನದಲ್ಲಿ ಮೇಜು ಹಾಕಿ ಕೂತೆ. ಬೆಳಗ್ಗೆಯೇ ಜನ ನಗುನಗುತ್ತ ಬಂದರು. ಮಹಡಿ ಮನೆಯ ಅಮ್ಮನವರಂತೂ ಪರೀಕ್ಷೆಯಲ್ಲಿ ಪಾಸಾದವರ ಹಾಗೆ ತೋಳು ಚಾಚಿದರು. ಇಪ್ಪತ್ತನಾಲ್ಕು ಜನ ಆದರು. ಆಮೇಲೆ ಯಾರೂ ಇಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಉಳಿದ ಹದಿನಾರು ಜನರ ಮನೆ ಬಾಗಿಲು ತಟ್ಟಿದೆ. ಕೆಲವರು ಮಲಗಿದ್ದರು, ಕೆಲವರು ಸ್ನಾನಕ್ಕೆ ಹೋಗಿದ್ದರು. ಒಬ್ಬರು ನಾನೇ ನೋಡುತ್ತಿದ್ದ ಹಾಗೆ ಸ್ನಾನಕ್ಕೆ ಹೋದರು. ನನಗೆ ತಲೆಬುಡ ತಿಳಿಯಲಿಲ್ಲ.

ವಿಷಯ ಬಿಡಿಸಿ ಹೇಳಿದ್ದು ತರಕಾರಿ ಅಜ್ಜಿಯ ಸೊಸೆ. ಕ್ಯಾಲೆಂಡರಿನ ಹಳೆಯ ಹಾಳೆಯ ಬೆನ್ನಿಗೆ ಬರೆದ ಪಟ್ಟಿ ತಂದು ನನ್ನ ಮುಂದೆ ಹಿಡಿದಳು.

"ನೀವೇ ಹೇಳಿದ್ರಲ್ಲ ಅಕ್ಕಾ, ದೇವ್ರಿಗೆ ಗೊತ್ತು ಅಂತ. ಮಂಗಳವಾರ ಎಲ್ರೂ ಹೋಗಿ ಮಾರಮ್ಮನ ಹತ್ರ ಹೂ ಕೇಳಿದ್ವಿ. ಬಲಕ್ಕೆ ಬಿದ್ರೆ ಮದ್ದು. ಎಡಕ್ಕೆ ಬಿದ್ರೆ ಉಪ್ಪುನೀರು."

ಹೂ ಕೇಳುವುದು ನಿಮಗೆ ಗೊತ್ತಲ್ಲ. ಒದ್ದೆ ಹೂವನ್ನು ತಾಯಿಯ ಮೈಮೇಲೆ ಇಟ್ಟು ಮನಸ್ಸಿನಲ್ಲಿ ಬೇಡಿಕೊಂಡು ನಿಲ್ಲುವುದು. ಬಲಕ್ಕೆ ಬಿದ್ದರೆ ಆಯಿತು, ಎಡಕ್ಕೆ ಬಿದ್ದರೆ ಇಲ್ಲ. ನನ್ನ ಮದುವೆಯೂ ಹೂ ಕೇಳಿಯೇ ಆದದ್ದು. ನಲವತ್ತರಲ್ಲಿ ಮೂವತ್ತಮೂರು ಜನ ಕೇಳಿದ್ದರು. ಹದಿನಾರು ಬಲ, ಹದಿನಾರು ಎಡ. ಒಬ್ಬನ ಹೂವು ಎರಡೂ ಕಡೆ ಬೀಳದೆ ನೇರ ಮಂಗಳಾರತಿ ತಟ್ಟೆಗೆ ಬಿದ್ದಿತ್ತಂತೆ. ಅವನ ಹೆಸರಿನ ಮುಂದೆ "ಅರ್ಧ ಡೋಸ್" ಎಂದು ಬರೆದಿದ್ದರು. ಉಳಿದ ಏಳು ಜನ ಕೇಳಿರಲಿಲ್ಲ. ಅವರಲ್ಲಿ ಟೈಲರ್ ಮಾಸ್ಟರ್ ಒಬ್ಬ. "ಮೇಲಿನವನು ಹೇಳೋ ಟೈಮಿಗೆ ಹೇಳ್ತಾನೆ ಅಕ್ಕಾ, ಮಧ್ಯದಲ್ಲಿ ಕೇಳಬಾರದು," ಅಂದ.

ಅಜ್ಜಿಯದು ಎಡ. "ಉಪ್ಪುನೀರಿಗೆ ಯಾಕಮ್ಮಾ ರಕ್ತ ಕೊಡ್ಲಿ? ಸೊಸೆಗೆ ಮದ್ದು, ನಂಗೆ ಉಪ್ಪುನೀರು. ಈ ಮನೇಲಿ ಯಾವಾಗ್ಲೂ ಹಿಂಗೇ," ಎಂದು ಬುಟ್ಟಿ ಎತ್ತಿಕೊಂಡು ಮಾರ್ಕೆಟ್ಟಿಗೆ ಹೊರಟೇಬಿಟ್ಟಳು.

ಮೇಡಂಗೆ ಹೇಳಿದೆ. ಅವರು ತಲೆಯ ಮೇಲೆ ಕೈ ಹೊತ್ತರು. ಮೂರನೆಯ ರಕ್ತಕ್ಕೆ ಮೂರು ದಿನ ಸಡಿಲವಿದೆ, ಸೋಮವಾರ ಸಂಜೆಯೊಳಗೆ ಇನ್ನು ಹನ್ನೊಂದು ಜನವಾದರೂ ಬರದಿದ್ದರೆ ಗಲ್ಲಿ ಹೋಯಿತು. ಅದೊಂದೇ ಆಗಿದ್ದರೆ ಸರಿ. "ಗುಟ್ಟು ಗೊತ್ತಾಯ್ತು ಅಂತ ಭಾಗವಹಿಸಿದವರು ನಂಬಿದ್ದಾರೆ ಅಂದ್ರೆ ಸ್ಟಡಿ ಮೇಲೆ ಕಣ್ಣಿಟ್ಟಿರೋ ಕಮಿಟಿಗೆ ನಾನು ತಿಳಿಸಲೇಬೇಕು ಅಕ್ಕಾ," ಎಂದು ಆಗಲೇ ಪತ್ರ ಕಳಿಸಿದರು. ಸಂಜೆಗೆ ಕಮಿಟಿಯಿಂದ ಒಂದೇ ಸಾಲಿನ ಪ್ರಶ್ನೆ ಬಂತು: "ಮಾಹಿತಿಯ ಮೂಲ ಎಷ್ಟರಮಟ್ಟಿಗೆ ನಂಬಲರ್ಹ? ಸ್ಥಳದ ಕಾರ್ಯಕರ್ತೆ ಬರೆದು ತಿಳಿಸಬೇಕು."

ಸ್ಥಳದ ಕಾರ್ಯಕರ್ತೆ ಅಂದರೆ ನಾನು. ಮೂಲ ಅಂದರೆ ಮಾರಮ್ಮ.

ನಂಬಲರ್ಹ ಎಂದು ಬರೆದರೆ ಗುಟ್ಟು ಒಡೆದ ಹಾಗೆ, ಸ್ಟಡಿ ಮುಳುಗಿತು. ನಂಬಲರ್ಹವಲ್ಲ ಎಂದು ಬರೆದರೆ ನಾನು ಯಾವ ಮುಖ ಹೊತ್ತು ಆ ಬೇವಿನ ಮರದ ಮುಂದೆ ಹಾಯಲಿ? ಶನಿವಾರ ಬೆಳಗ್ಗೆ ಪೂಜೆಗೆ ಕೂತರೂ ಮನಸ್ಸು ನಿಲ್ಲಲಿಲ್ಲ. ಉತ್ತರ ಹಾಗೇ ಬಿಟ್ಟು ಅಜ್ಜಿಯನ್ನು ಹುಡುಕಿಕೊಂಡು ಮಾರ್ಕೆಟ್ಟಿಗೆ ಹೋದೆ.

ಅಜ್ಜಿ ಬದನೆಕಾಯಿ ತೂಗುತ್ತಿದ್ದಳು. ಒಂದು ತಟ್ಟೆಯಲ್ಲಿ ಬದನೆಕಾಯಿ, ಇನ್ನೊಂದರಲ್ಲಿ ತೂಕದ ಕಲ್ಲು. ನನ್ನನ್ನು ಕಂಡು ಮುಖ ತಿರುಗಿಸಿದಳು. ಆಮೇಲೆ ಯಾರು ನುಡಿಸಿದರೋ, ತಟ್ಟೆಯಿಂದ ಕಲ್ಲನ್ನು ಎತ್ತಿಕೊಂಡೆ.

"ಅಜ್ಜಿ, ಇದನ್ನ ಸಾರಿಗೆ ಹಾಕಕ್ಕಾಗತ್ತಾ?"

"ಏಯ್, ಇಡಮ್ಮಾ ಅದನ್ನ!"

"ಬದನೆಕಾಯಿ ಅಲ್ಲ, ಏನೂ ಅಲ್ಲ. ಬಿಸಾಕ್ಲಾ?"

"ಹುಚ್ಚು ಗಿಚ್ಚು ಹಿಡೀತಾ ನಿಂಗೆ? ಕಲ್ಲಿಲ್ದೆ ನಾನು ಹೆಂಗ್ ತೂಗ್ಲಿ?"

"ಹಂಗೇ ಅಲ್ವಾ ಅಜ್ಜಿ, ಉಪ್ಪುನೀರಿನವರ ರಕ್ತ ಇಲ್ದೆ ನಮ್ಮ ಮೇಡಂ ಮದ್ದನ್ನ ಹೆಂಗೆ ತೂಗ್ಬೇಕು? ನೀವು ಉಪ್ಪುನೀರಿನವರು ಅಂತ ನಾನು ಹೇಳ್ತಿಲ್ಲ. ನನಗೆ ಗೊತ್ತೂ ಇಲ್ಲ. ಯಾರೇ ಆಗಿದ್ರೂ ಅವರಿಲ್ದೆ ತಕ್ಕಡಿ ಏಳಲ್ಲ."

ಅಜ್ಜಿ ಕೈಚಾಚಿ ಕಲ್ಲನ್ನು ಇಸಿದುಕೊಂಡಳು. ಅದನ್ನೊಮ್ಮೆ ನೋಡಿದಳು, ಬದನೆಕಾಯಿಯನ್ನೊಮ್ಮೆ ನೋಡಿದಳು. ಅವಳ ಮುಖದ ಮೇಲೆ ಒಂದು ಗತ್ತು ಬಂತು.

"ಅಂದ್ರೆ, ನಮ್ಮ ಸೊಸೆ ಬದನೆಕಾಯಿ."

"ಅಯ್ಯೋ, ನಾನು ಹಾಗೆ…"

"ನಾನು ಕಲ್ಲು. ನಂದು ಸರಿಯಿದ್ರೇನೇ ಅವಳ ಬೆಲೆ."

ಭಾನುವಾರ ಬೆಳಗ್ಗೆ ಎಡದ ಹದಿನಾರು ಜನವೂ ಅಜ್ಜಿಯ ಹಿಂದೆ ಮೆರವಣಿಗೆಯ ಹಾಗೆ ಬಂದು ತೋಳು ಚಾಚಿದರು. ನಲವತ್ತಕ್ಕೆ ನಲವತ್ತು! ಕಣ್ಣು ತುಂಬಿ ಕೈ ಮುಗಿಯುತ್ತಿದ್ದರೆ, ಮಹಡಿ ಮನೆಯ ಅಮ್ಮನವರು ಸಿಟ್ಟಿನಿಂದ ಬಂದರು. "ಏನ್ರೀ ಇದು? ಗಲ್ಲಿ ತುಂಬ ನಮ್ಮನ್ನ ಬದನೆಕಾಯಿ ಅಂತಿದಾರೆ. ನಮ್ಮ ರಕ್ತ ವಾಪಸ್ ಕೊಡಿ."

ಅವರನ್ನು ಸಮಾಧಾನ ಮಾಡಿ ಮನೆಗೆ ಬಂದು ಕಮಿಟಿಗೆ ಉತ್ತರ ಬರೆದೆ. ಆ ಹೊತ್ತಿಗೆ ಮನಸ್ಸು ತಿಳಿಯಾಗಿತ್ತು. "ತಾಯಿ ಹೂ ಕೊಟ್ಟಿದ್ದಾಳೆ. ಆದರೆ ನಾವು ಗುಟ್ಟು ಕಾಯುತ್ತೇವೆಂದು ಮಾತು ಕೊಟ್ಟವರು. ಮಕ್ಕಳ ಮಾತನ್ನು ಮುರಿಸುವವಳಲ್ಲ ಅವಳು. ಗುಟ್ಟು ಕೊಟ್ಟಿರಲಾರಳು ಎಂದು ನನ್ನ ನಂಬಿಕೆ." ಕಮಿಟಿಯವರಿಗೆ ಏನು ಅರ್ಥವಾಯಿತೋ, ಸ್ಟಡಿ ಮುಂದುವರಿಸಿ ಎಂದು ಪತ್ರ ಕಳಿಸಿದರು. ಹೂವಿನಿಂದ ಗುಟ್ಟು ಒಡೆಯುವುದಿಲ್ಲ ಎಂದು ತಾವೂ ಬರೆದು ಕಳಿಸಿದ್ದ ಮೇಡಂ ಆ ಪತ್ರವನ್ನು ಎರಡು ಸಲ ಓದಿ, "ಒಪ್ಪಿದ್ದು ನನ್ನ ಮಾತಿಗಾ, ನಿಮ್ಮ ಮಾತಿಗಾ?" ಎಂದು ನನ್ನನ್ನೇ ಕೇಳಿದರು.

ಎಷ್ಟೋ ತಿಂಗಳಾದ ಮೇಲೆ ಕಂಪ್ಯೂಟರಿನ ಗುಟ್ಟು ತೆರೆದರು. ಕಾವಲಿನವರು ಯಾರ ರಕ್ತದಲ್ಲಿ ಎಷ್ಟು ಎದ್ದಿದ್ದರು ಎಂಬುದೆಲ್ಲ ಸರಿಯಾಗಿ ಕಾಣಿಸಿತು. ಉಪ್ಪುನೀರಿನವರಿಗೆಲ್ಲ ನಿಜವಾದ ಮದ್ದೂ ಹಾಕಿಸಿದರು. ಅಂದು ಮೇಡಂ ಬಾಗಿಲು ಹಾಕಿ, ದನಿ ತಗ್ಗಿಸಿ, "ಅಕ್ಕಾ, ಆ ಕ್ಯಾಲೆಂಡರ್ ಹಾಳೆ ಇದ್ಯಾ?" ಎಂದರು.

ಹಾಳೆ ನನ್ನ ಚೀಲದಲ್ಲೇ ಇತ್ತು. ಒಂದೊಂದೇ ಹೆಸರು ತಾಳೆ ನೋಡಿದೆವು. ಸರಿ. ತಪ್ಪು. ತಪ್ಪು. ಸರಿ. ಕೊನೆಗೆ ಮೇಡಂ ಎಣಿಸಿದರು: ತಟ್ಟೆಗೆ ಬಿದ್ದ ಹೂವೊಂದನ್ನು ಬಿಟ್ಟರೆ, ಹದಿನಾರು ಸರಿ, ಹದಿನಾರು ತಪ್ಪು. ಅಜ್ಜಿಗೆ ಮದ್ದು ಬಿದ್ದಿತ್ತು, ಸೊಸೆಗೆ ಉಪ್ಪುನೀರು. (ಇದನ್ನು ಹೇಳಲು ಹೋದಾಗ ಅಜ್ಜಿ ನನ್ನೊಡನೆ ಮೂರು ದಿನ ಮಾತು ಬಿಟ್ಟಳು. "ಅವಳು ಕಲ್ಲು, ನಾನು ಬದನೆಕಾಯಾ?")

ಮೇಡಂ ಪೆನ್ನು ಕೆಳಗಿಟ್ಟರು. "ಅರ್ಧಕ್ಕೆ ಅರ್ಧ. ಇದರಿಂದ ಯಾರಿಗೂ ಏನೂ ಗೊತ್ತಾಗೋಕೆ ಸಾಧ್ಯಾನೇ ಇರಲಿಲ್ಲ."

"ಮೇಡಂ, ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಅಷ್ಟು ಜನ ಕೂತು ಕೇಳಿದ್ರೂ ತಾಯಿ ಗುಟ್ಟು ಬಿಟ್ಟುಕೊಟ್ಟಿಲ್ಲ," ಎಂದು ನಾನು ಕಣ್ಣೊರೆಸಿಕೊಂಡೆ.

ಮೇಡಂ ದೇವರು ದಿಂಡರು ಅನ್ನುವವರಲ್ಲ. ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು. ಇವಳು ಹೇಳುತ್ತಿರುವುದು ತಪ್ಪು ಎಂದು ತೋರಿಸುವುದು ಹೇಗೆ ಎಂದು ಲೆಕ್ಕ ಹಾಕುತ್ತಿರುವುದು ಅವರ ಮುಖದಲ್ಲೇ ಕಾಣುತ್ತಿತ್ತು. ಲೆಕ್ಕ ಸಿಗಲಿಲ್ಲ.

ಹಾಳೆಯನ್ನು ಮಡಚಿ ನನ್ನ ಕೈಗಿಟ್ಟು ಕೇಳಿದರು: "ಅಕ್ಕಾ, ಮುಂದಿನ ಸ್ಟಡಿ ಕೆ.ಆರ್. ಪುರಂನಲ್ಲಿ. ಯಾರಿಗೆ ಮದ್ದು, ಯಾರಿಗೆ ಉಪ್ಪುನೀರು ಅಂತ ಆರಿಸೋದಕ್ಕೆ ನಮ್ಮ ಕಂಪ್ಯೂಟರಿಗಿಂತ ನಿಮ್ಮ ಮಾರಮ್ಮನೇ ವಾಸಿ ಅನ್ಸುತ್ತೆ. ಆ ತಾಯಿ ಅಷ್ಟು ದೂರ ಬರ್ತಾಳಾ?"

"ಕೇಳಿ ನೋಡ್ತೀನಿ ಮೇಡಂ," ಎಂದೆ. "ಹೂ ಎಡಕ್ಕೆ ಬಿದ್ರೆ ಮಾತ್ರ ಬೇಜಾರು ಮಾಡ್ಕೋಬೇಡಿ."

ಇಷ್ಟು ಹೊತ್ತು ಕಿವಿಗೊಟ್ಟ ತಾಯಂದಿರೇ, ತಂದೆಯರೇ, ನಿಮ್ಮ ಮೈಯೊಳಗಿನ ಕಾವಲು ಎಂದೂ ನಿದ್ದೆ ಹೋಗದಿರಲಿ. ನಿಮಗೆ ಬಂದ ಜ್ವರ ಎರಡೇ ದಿನದಲ್ಲಿ ತಣ್ಣಗಾಗಲಿ. ನಿಮ್ಮ ಪಾಲಿಗೆ ಬಿದ್ದದ್ದು ಮದ್ದಾಗಲಿ, ಉಪ್ಪುನೀರಾಗಲಿ, ಅದರಲ್ಲೇ ಶಿವನ ಕೈಯಿರಲಿ. ಎಲ್ಲರಿಗೂ ಶರಣು ಶರಣಾರ್ಥಿ.